ಮರಳು, ಕಲ್ಲು, ಅಚ್ಚುಮೊಳೆ

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದರಾಸಿನ ರೆವಿನ್ಯೂ ಬೋರ್ಡಿಗೆ ಉದ್ದನೆಯ ವರದಿಯೊಂದನ್ನು ಕಳಿಸಿದ. ಪ್ರತಿ ಜಿಲ್ಲೆಯಲ್ಲೂ ಶಾಲೆಗಳೆಷ್ಟು, ಓದುವವರು ಯಾರು, ಓದುವುದೇನು ಎಂದು ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಲೆಕ್ಕ ಕೇಳಿದ್ದ. ಹಲವು ಕಲೆಕ್ಟರುಗಳು ಅಂಕಿಗಳನ್ನಷ್ಟೇ ತುಂಬಿ ಕೈತೊಳೆದುಕೊಂಡರು. ಕೆನರಾದ ಕಲೆಕ್ಟರ್, ಇಲ್ಲಿ ಮಕ್ಕಳ ಓದು ಮನೆಯೊಳಗೇ ಖಾಸಗಿಯಾಗಿ ನಡೆಯುತ್ತದೆ ಎಂದು ಹೇಳಿ ಅಂಕಿಗಳನ್ನೂ ಕೊಡಲಿಲ್ಲ. ಕ್ಯಾಂಪ್‌ಬೆಲ್ ಶಾಲೆಯೊಳಗಿನ ಕಲಿಕೆಯನ್ನೂ ವಿವರವಾಗಿ ಬರೆದ. ಕನ್ನಡದ ಮಕ್ಕಳು ಅಚ್ಚಿನ ಪುಸ್ತಕ ಬರುವ ಮುಂಚೆ ಹೇಗೆ ಕಲಿಯುತ್ತಿದ್ದರು ಎಂದು ತಿಳಿಯಲು ನಮಗಿರುವ ಅತ್ಯುತ್ತಮ ಸಾಕ್ಷ್ಯಗಳಲ್ಲಿ ಇದೂ ಒಂದು.

ಆಗಿನ ಬಳ್ಳಾರಿ ಜಿಲ್ಲೆ ದೊಡ್ಡದು, ಅನಂತಪುರವೂ ಅದರೊಳಗೇ ಇತ್ತು. ಜನಸಂಖ್ಯೆ 9,27,857. ಶಾಲೆಗಳು 533, ಓದುವ ಮಕ್ಕಳು 6,641. ಅಂದರೆ ಸಾವಿರ ಜನರಲ್ಲಿ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226, ಉಳಿದವು ಮರಾಠಿ, ಪಾರಸಿ, ತಮಿಳು, ಸಂಸ್ಕೃತದವು. ಇಂಗ್ಲಿಷ್ ಕಲಿಸುವ ಶಾಲೆ ಒಂದೇ ಒಂದು. ಇಡೀ ಜಿಲ್ಲೆಯಲ್ಲಿ ಶಾಲೆಗೆ ಹೋಗುವ ಹೆಣ್ಣುಮಕ್ಕಳು 60.

ಮಗುವಿಗೆ ಐದು ವರ್ಷವಾದಾಗ ಒಳ್ಳೆಯ ದಿನ ನೋಡಿ ಅಕ್ಷರಾಭ್ಯಾಸ. ಮೇಷ್ಟ್ರು ಕೂಸಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ತಿದ್ದಿಸುತ್ತಾರೆ. ಮರುದಿನದಿಂದ ಶಾಲೆ, ಬೆಳಗಿನ ಆರು ಗಂಟೆಗೆ. ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಗೌರವವಾಗಿ ಸರಸ್ವತಿಯ ಹೆಸರು. ಎರಡನೆಯವನಿಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಛಡಿ ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಮೊದಲು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದಬೇಕು, ತಿದ್ದುತ್ತಲೇ ಅದನ್ನು ಗಟ್ಟಿಯಾಗಿ ಹೇಳಬೇಕು. ಅದು ಕೈವಶವಾದ ಮೇಲೆ ಹಲಗೆ ಅಥವಾ ಕಡತ. ಹಲಗೆಯೆಂದರೆ ಸುಮಾರು ಮೂರಡಿ ಉದ್ದ, ಒಂದಡಿ ಅಗಲದ ನುಣುಪು ಮರ, ಅದಕ್ಕೆ ಅನ್ನ ಮತ್ತು ಇದ್ದಿಲಪುಡಿಯ ಲೇಪ. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿ ಪುಸ್ತಕದಂತೆ ಮಡಿಚಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆಯಬಹುದು, ಒದ್ದೆ ಬಟ್ಟೆಯಿಂದ ಒರೆಸಬಹುದು. ಓಲೆಗರಿ, ಕಾಗದ ಇವೆಲ್ಲ ಆಮೇಲೆ. ಶುರುವಿನ ಪಾಠಕ್ಕೆ ತಿಂಗಳಿಗೆ ನಾಲ್ಕಾಣೆ, ಕಾಗದದ ಮೇಲೆ ಬರೆಯುವ ಮಟ್ಟಕ್ಕೆ ಬಂದರೆ ಎಂಟಾಣೆ.

ಈ ಶಾಲೆಯಲ್ಲಿ ಮುಂದೆ ಹೋದ ಹುಡುಗ ಹಿಂದಿರುವವನಿಗೆ ಕಲಿಸುತ್ತಾನೆ. ಕಲಿಸುತ್ತ ತನ್ನ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಾನೆ. ಕ್ಯಾಂಪ್‌ಬೆಲ್‌ಗೆ ಇದು ಬಹಳ ಹಿಡಿಸಿತ್ತು. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಬರೆದ. ಅವನ ಮನಸ್ಸಿನಲ್ಲಿದ್ದದ್ದು ಆಂಡ್ರ್ಯೂ ಬೆಲ್‌ನ ಪದ್ಧತಿ. ಮದರಾಸಿನ ಎಗ್ಮೋರ್‌ನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದ ಈ ಪಾದ್ರಿ, ದೇಶೀ ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನು ತಂದ, ದೊಡ್ಡ ಹುಡುಗರನ್ನು ಚಿಕ್ಕವರಿಗೆ ಗುರುಗಳನ್ನಾಗಿ ಮಾಡಿದ. 1797ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗದ ವರದಿ ಪ್ರಕಟಿಸಿದ. ಮುಂದಿನ ದಶಕಗಳಲ್ಲಿ ಇಂಗ್ಲೆಂಡಿನ ಕಾರ್ಖಾನೆ ಊರುಗಳ ಬಡಮಕ್ಕಳು ‘ಮದರಾಸು ಪದ್ಧತಿ’ಯಲ್ಲಿ, ಮರಳು ಹರಡಿದ ತಟ್ಟೆಗಳ ಮೇಲೆ ಅಕ್ಷರ ಕಲಿತರು. ಉಗಿಯಂತ್ರದ ದೇಶಕ್ಕೆ ನಮ್ಮ ಬೀದಿಯ ಮರಳಿನ ವಿದ್ಯೆ ಬೇಕಾಯಿತು. ಅಗ್ಗದಲ್ಲಿ ಬಹಳ ಜನಕ್ಕೆ ಓದು ಕಲಿಸುವ ಉಪಾಯ ಆ ಸಮಾಜಕ್ಕೆ ತುರ್ತಾಗಿ ಬೇಕಿತ್ತು, ಅದು ಸಿದ್ಧವಾಗಿ ಸಿಕ್ಕಿದ್ದು ಇಲ್ಲಿ.

ಕ್ಯಾಂಪ್‌ಬೆಲ್‌ನ ತಕರಾರು ಪುಸ್ತಕಗಳ ಬಗ್ಗೆ. ಶಾಲೆಯಲ್ಲಿ ಓದಿಸುತ್ತಿದ್ದದ್ದು ರಾಮಾಯಣ, ಭಾರತ, ಭಾಗವತ. ಲಿಂಗವಂತರ ಮಕ್ಕಳಿಗೆ ಇವುಗಳ ಜೊತೆಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚನ್ನಬಸವಪುರಾಣ. ಪಂಚಾಳರ ಮಕ್ಕಳಿಗೆ ವಿಶ್ವಕರ್ಮಪುರಾಣ. ಎಲ್ಲವೂ ಪದ್ಯ, ಆಡುಮಾತಿಗೆ ದೂರವಾದ ಭಾಷೆ. ಹುಡುಗರು ನೂರಾರು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ, ಆದರೆ ಅರ್ಥ ಗಿಳಿಗೆಷ್ಟು ಗೊತ್ತೋ ಅವರಿಗೂ ಅಷ್ಟೇ ಎಂದು ಆತ ದೂರಿದ. ಶಬ್ದಮಣಿದರ್ಪಣದಂಥ ವ್ಯಾಕರಣ, ನಿಘಂಟುಗಳು ಶಾಲೆಗಳಲ್ಲಿ ಅತ್ಯಂತ ಅಪರೂಪ, ಏಕೆಂದರೆ ಹಸ್ತಪ್ರತಿಯ ಬೆಲೆ ಹೆಚ್ಚು, ಮೇಷ್ಟ್ರುಗಳು ಬಡವರು. ಸಿಕ್ಕಿದ ಪ್ರತಿಗಳಲ್ಲೂ ಲಿಪಿಕಾರರ ತಪ್ಪುಗಳು ತುಂಬಿವೆ. ಇವನ್ನೆಲ್ಲ ಹೇಳಿದ ಮೇಲೆ ಈ ಅಧಿಕಾರಿ ಇನ್ನೊಂದು ಮಾತನ್ನೂ ಮುಚ್ಚಿಡದೆ ಬರೆದ. ಯೂರೋಪಿನ ಬಟ್ಟೆ ಬಂದು ನೇಕಾರರ ಆದಾಯ ಕುಸಿದಿದೆ, ದೇಶ ಬಡವಾಗುತ್ತಿದೆ, ಮಕ್ಕಳನ್ನು ಶಾಲೆಗೆ ಕಳಿಸುವ ಶಕ್ತಿ ಜನರಿಗೆ ಉಳಿದಿಲ್ಲ ಎಂದ. ದೂರದ ಮಗ್ಗದ ಯಂತ್ರವೊಂದು ಬಳ್ಳಾರಿಯ ಹುಡುಗನ ಕೈಯಿಂದ ಬಳಪ ಕಿತ್ತುಕೊಂಡ ಕಥೆ ಇದು. ಸರಕಾರಿ ಅಧಿಕಾರಿಯೇ ಅದನ್ನು ಸರಕಾರಕ್ಕೆ ಬರೆದು ತಿಳಿಸಿದ ಧೈರ್ಯವನ್ನು ಮೆಚ್ಚಬೇಕು.

ಗಿಳಿಪಾಠದ ದೂರನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಅರ್ಥವಾಗದೆ ಬಾಯಿಪಾಠ ಮಾಡಿದ ಮಗು ದೊಡ್ಡದಾಗಿ ಊರ ಗುಡಿಯ ಜಗಲಿಯಲ್ಲಿ ಕೂತು, ಭಾರತ ವಾಚನ ಕೇಳುತ್ತ ಅದೇ ಪದ್ಯಗಳ ಅರ್ಥವನ್ನು ಸಾವಕಾಶವಾಗಿ ಪಡೆಯುತ್ತಿತ್ತು. ಶಾಲೆ ಕೊಡುತ್ತಿದ್ದದ್ದು ಅರ್ಧ ಪಾಠ. ಇನ್ನರ್ಧವನ್ನು ಊರು ಕೊಡುತ್ತಿತ್ತು. ಹಸ್ತಪ್ರತಿಯ ಓದೇ ಹಾಗಿತ್ತು. ಓಲೆಗರಿಯಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಇಲ್ಲ, ಪದ್ಯ ಮುಗಿದಲ್ಲಿ ಗೆರೆ ಇದ್ದರೆ ಇತ್ತು. ಎಷ್ಟೋ ಪ್ರತಿಗಳಲ್ಲಿ ಎಕಾರಕ್ಕೂ ಏಕಾರಕ್ಕೂ, ಒಕಾರಕ್ಕೂ ಓಕಾರಕ್ಕೂ ಬರೆಹದಲ್ಲಿ ಭೇದವಿಲ್ಲ. ಪದ ಎಲ್ಲಿ ಒಡೆಯಬೇಕು, ಸ್ವರ ಎಲ್ಲಿ ಎಳೆಯಬೇಕು ಎಂಬುದನ್ನು ಛಂದಸ್ಸು ಹೇಳಬೇಕು, ರಾಗ ಹೇಳಬೇಕು, ಮೊದಲೇ ಕೇಳಿದ ಕಿವಿ ಹೇಳಬೇಕು. ಬಾಯಲ್ಲಿ ಬಾರದವನಿಗೆ ಓಲೆ ಓದಲು ಬಾರದು. ಗಮಕಿಗೆ ಇದ್ದ ಗೌರವದ ಕಾರಣ ಇದೇ. ಅವನು ಹಾಡುತ್ತಲೇ ಪದಚ್ಛೇದ ಮಾಡಿ ಸಭೆಗೆ ಅರ್ಥವನ್ನು ಬಿಡಿಸಿ ಕೊಡುತ್ತಿದ್ದ.

ಕ್ಯಾಂಪ್‌ಬೆಲ್ ವರದಿ ಬರೆಯುತ್ತಿದ್ದ ಅದೇ ಬಳ್ಳಾರಿಯಲ್ಲಿ ಆಗ ಇನ್ನೊಂದು ಕೆಲಸ ನಡೆದಿತ್ತು. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಿಂದ ಅಲ್ಲಿದ್ದು ಬೈಬಲನ್ನು ಕನ್ನಡಕ್ಕೆ ತರುತ್ತಿದ್ದ. ದೂರದ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ 1817ರಲ್ಲೇ ಕನ್ನಡದ ವ್ಯಾಕರಣವೊಂದನ್ನು ಮುದ್ರಿಸಿದ್ದ. ಹ್ಯಾಂಡ್ಸ್‌ನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟುಗಳನ್ನು ಮದರಾಸಿನಲ್ಲಿ ತಂದ. ಇವೆಲ್ಲ ಮುಖ್ಯವಾಗಿ ಪರದೇಶದವರು ಕನ್ನಡ ಕಲಿಯುವುದಕ್ಕೆ ಬೇಕಾದ ಪುಸ್ತಕಗಳು, ಇಲ್ಲವೇ ಅವರು ಇಲ್ಲಿನವರಿಗೆ ಕಲಿಸಬಯಸಿದ ಪುಸ್ತಕಗಳು. ಕನ್ನಡದವರು ತಾವಾಗಿ ಕೇಳಿದ ಪುಸ್ತಕಗಳು ಇನ್ನೂ ಅಚ್ಚಾಗಿರಲಿಲ್ಲ.

ಅದು ಆದದ್ದು ಮಂಗಳೂರಿನಲ್ಲಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಬಂದರು, ಹರ್ಮನ್ ಮೋಗ್ಲಿಂಗ್ 1836ರಲ್ಲಿ. 1841ರಲ್ಲಿ ಬಲ್ಮಠದಲ್ಲಿ ಕಲ್ಲಚ್ಚಿನ ಯಂತ್ರವೊಂದು ನೆಲೆಯೂರಿತು. ಇದು ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ 1796ರಲ್ಲಿ ಕಂಡುಹಿಡಿದ ವಿಧಾನ. ಜಿಡ್ಡಿನ ಶಾಯಿಯಲ್ಲಿ ಬರೆದದ್ದನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ, ಮಸಿ ಬರೆಹಕ್ಕಷ್ಟೇ ಹತ್ತುತ್ತದೆ, ನೀರು ಹೀರಿದ ಉಳಿದ ಜಾಗಕ್ಕೆ ಹತ್ತುವುದಿಲ್ಲ. ಅದರ ಮೇಲೆ ಕಾಗದ ಒತ್ತಿದರೆ ಸರಿ.

ಕನ್ನಡಕ್ಕೆ ಕಲ್ಲಚ್ಚು ಎಷ್ಟು ಒಗ್ಗುತ್ತದೆ ಎಂಬುದನ್ನು ಮೊಳೆಯಚ್ಚಿನ ಕಷ್ಟ ತಿಳಿದವರೇ ಬಲ್ಲರು. ಇಂಗ್ಲಿಷಿಗೆ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ ನೂರು ಚಿಲ್ಲರೆ ಮೊಳೆ ಸಾಕು. ಕನ್ನಡದಲ್ಲಿ ಒಂದೊಂದು ವ್ಯಂಜನಕ್ಕೂ ಕಾಗುಣಿತ, ಕಾಗುಣಿತದ ಕೊಂಬು ಕೆಲವೊಮ್ಮೆ ಅಕ್ಷರಕ್ಕೆ ಅಂಟಿಕೊಂಡೇ ಬರಬೇಕು, ಒತ್ತಕ್ಷರ ಸಾಲಿನ ಕೆಳಗೆ ಇಳಿಯಬೇಕು. ನೂರಾರು ಬಗೆಯ ಮೊಳೆ ಬೇಕು. ಮಂಗಳೂರಿನಲ್ಲಿ ಅವನ್ನು ಕೆತ್ತುವವರೂ ಇಲ್ಲ, ಎರಕ ಹೊಯ್ಯುವವರೂ ಇಲ್ಲ. ಕಲ್ಲಚ್ಚಿಗೆ ಇವೇನೂ ಬೇಡ. ಚೆನ್ನಾಗಿ ಬರೆಯುವ ಒಬ್ಬ ಲಿಪಿಕಾರ ಸಾಕು. ಹಾಗಾಗಿ ಓಲೆ ಬರೆಯುತ್ತಿದ್ದ ಕೈಯೇ ಮಂಗಳೂರಿನ ಮೊದಲ ಅಚ್ಚಿನ ಪುಸ್ತಕಗಳನ್ನೂ ಬರೆಯಿತು. ಹಳೆಯ ಕಸುಬುದಾರ ಹೊಸ ಯಂತ್ರದ ಜೊತೆ ಕೂತ.

1843ರ ಜುಲೈ 1ರಂದು ಆ ಕಲ್ಲಿನಿಂದ ‘ಮಂಗಳೂರ ಸಮಾಚಾರ’ ಹೊರಬಂತು. ಪಾಕ್ಷಿಕ, ನಾಲ್ಕು ಪುಟ. ಊರ ವರ್ತಮಾನ, ಸರಕಾರಿ ನಿರೂಪಗಳು, ಪರದೇಶದ ಸುದ್ದಿ, ಕಥೆ, ದಾಸರ ಪದ ಎಲ್ಲವೂ ಅದರಲ್ಲಿ. ಕನ್ನಡದಲ್ಲಿ ಗದ್ಯವನ್ನು ಓದಿ ಒಡನೆಯೇ ಅರ್ಥ ಮಾಡಿಕೊಳ್ಳುವ ಅಭ್ಯಾಸಕ್ಕೆ ಇದು ಒಂದು ಆರಂಭ. ಇಲ್ಲಿ ಬಾಯಿಪಾಠ ಮಾಡುವಂಥದ್ದು ಏನೂ ಇಲ್ಲ, ಓದಿ ಮುಗಿಸಿದರೆ ಮುಂದಿನ ಸಂಚಿಕೆಗೆ ಕಾಯಬೇಕು. 1844ರಲ್ಲಿ ಪತ್ರಿಕೆ ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡಿತು, ಹೆಚ್ಚು ದಿನ ಬಾಳಲಿಲ್ಲ. ಇಂದಿಗೂ ಕರ್ನಾಟಕದ ಪತ್ರಿಕಾ ದಿನಾಚರಣೆ ಜುಲೈ 1ರಂದೇ.

ಮೋಗ್ಲಿಂಗ್ ಕ್ರೈಸ್ತ ಮತ ಬೋಧಿಸಲು ಬಂದವನು. ಅದಕ್ಕೆಂದು ಕನ್ನಡ ಕಲಿತ. ಕಲಿಯುತ್ತ ಹೋದಂತೆ ಈ ಜನರ ಮನಸ್ಸು ಇರುವುದು ಅವರ ಹಾಡುಗಳಲ್ಲಿ, ಗಾದೆಗಳಲ್ಲಿ, ಕಾವ್ಯಗಳಲ್ಲಿ ಎಂದು ಕಂಡುಕೊಂಡ. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಹಣ ಕೊಟ್ಟ. ಆ ಹಣದಿಂದ 1848ರಲ್ಲಿ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ ಶುರುವಾಯಿತು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಒಂದರ ಹಿಂದೊಂದು ಕಲ್ಲಚ್ಚಿನಲ್ಲಿ ಬಂದವು. ಸುವಾರ್ತೆ ಹಂಚಲೆಂದು ತಂದ ಯಂತ್ರದಲ್ಲಿ ಪುರಂದರದಾಸರ ಪದಗಳು ಮುದ್ರಣವಾದವು. ಇದಕ್ಕಾಗಿ ಮೋಗ್ಲಿಂಗ್‌ಗೆ ನಾವು ಋಣಿಗಳು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ 1858ರಲ್ಲಿ ಅವನ ಕನ್ನಡ ಸೇವೆಗೆ ಡಾಕ್ಟರೇಟ್ ಕೊಟ್ಟಿತು.

ಆದರೆ ಆ ಋಣದಲ್ಲಿ ಒಂದು ಪಾಲು ಹೆಸರಿಲ್ಲದ ಇನ್ನೊಬ್ಬರಿಗೆ ಸಲ್ಲಬೇಕು. ಜೈಮಿನಿ ಭಾರತವನ್ನು ಅಚ್ಚು ಹಾಕಿದರೆ ಕೊಳ್ಳುವವರಿದ್ದಾರೆ ಎಂಬ ಭರವಸೆ ಎಲ್ಲಿಂದ ಬಂತು? ಮರಳಿನ ಮೇಲೆ ಅಕ್ಷರ ಕಲಿತು, ಅದನ್ನು ಬರೆದ ಲಕ್ಷ್ಮೀಶನ ಷಟ್ಪದಿಯನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡಿದ ಮಕ್ಕಳಿಂದ. ಕ್ಯಾಂಪ್‌ಬೆಲ್ ಗಿಳಿ ಎಂದದ್ದು ಅವರನ್ನೇ. ಆ ಕಿವಿಗಳು ಸಿದ್ಧವಾಗಿರದಿದ್ದರೆ ಅಚ್ಚಿನ ಪುಸ್ತಕ ಗೋದಾಮಿನಲ್ಲಿ ಗೆದ್ದಲು ಹಿಡಿಯುತ್ತಿತ್ತು. ಯಂತ್ರ ಬಂದು ಓದುಗರನ್ನು ಹುಟ್ಟಿಸಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕನ್ನಡದಲ್ಲಿ ಓದುಗರು, ಅಥವಾ ಕೇಳುಗರು, ಮೊದಲೇ ಇದ್ದರು. ಯಂತ್ರ ಏನನ್ನು ಮುದ್ರಿಸಬೇಕೆಂದು ಅವರ ಅಭಿರುಚಿ ತೀರ್ಮಾನಿಸಿತು. ಆಮೇಲೆ ಯಂತ್ರ ಅವರ ಓದುವ ಬಗೆಯನ್ನು ಬದಲಿಸಿತು.

ಆ ಬದಲಾವಣೆಯ ವೇಗ ಹೆಚ್ಚಿದ್ದು ಮೊಳೆಯಚ್ಚಿನೊಂದಿಗೆ. 1850ರ ದಶಕದ ಆರಂಭದಲ್ಲಿ ಬಾಸೆಲ್‌ನಲ್ಲಿ ಎರಕ ಹೊಯ್ದ ಕನ್ನಡ ಮೊಳೆಗಳು ಮಂಗಳೂರಿಗೆ ಬಂದವು. ಅವುಗಳ ಹಿಂದೆಯೇ ಬಂದ ಯಂತ್ರಕುಶಲಿ ಜಾರ್ಜ್ ಪ್ಲೆಬ್ಸ್ಟ್ ಛಾಪಖಾನೆಯನ್ನು ಕಟ್ಟಿ ನಿಲ್ಲಿಸಿದ. 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಶುರು ಮಾಡಿದವನೂ ಇವನೇ. ಮತಾಂತರವಾಗಿ ಕುಲದ ಕಸುಬು, ಮನೆ, ಬಂಧುಬಳಗ ಎಲ್ಲ ಕಳೆದುಕೊಂಡವರಿಗೆ ಹೊಟ್ಟೆಪಾಡು ಬೇಕಿತ್ತು. ಮಗ್ಗ, ಹೆಂಚು, ಛಾಪಖಾನೆ ಮೂರೂ ಆ ಅಗತ್ಯಕ್ಕೆ ಒದಗಿದವು. ಇವುಗಳಲ್ಲಿ ಛಾಪಖಾನೆಯದು ಬೇರೆಯೇ ಸಂಗತಿ. ಮೊಳೆ ಜೋಡಿಸುವವನಿಗೆ ಅಕ್ಷರ ತಿಳಿದಿರಲೇಬೇಕು, ಅದೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ. ಓದು ಮನೆತನದ ಸ್ವತ್ತಾಗಿರದಿದ್ದ ಕುಟುಂಬಗಳಿಂದ ಬಂದವರು ದಿನವಿಡೀ ಅಕ್ಷರಗಳ ನಡುವೆ ನಿಂತು ಸಂಬಳ ಪಡೆಯತೊಡಗಿದರು.

ಮೊಳೆಗೆ ತನ್ನದೇ ಹಟವಿದೆ. ಕೈಬರೆಹದಲ್ಲಿ ನಡೆಯುವ ಸಡಿಲ ಅದರಲ್ಲಿ ನಡೆಯದು. ಎ ಮತ್ತು ಏ ಬೇರೆ ಬೇರೆ ಮೊಳೆ, ಒಂದನ್ನು ಆರಿಸಲೇಬೇಕು. ಪದದ ನಡುವೆ ಜಾಗ ಬಂತು. ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಗಮಕಿ ತನ್ನ ಉಸಿರಿನಿಂದ ಮಾಡುತ್ತಿದ್ದ ಕೆಲಸದ ದೊಡ್ಡ ಪಾಲನ್ನು ಪುಟವೇ ಮಾಡಿಕೊಟ್ಟಿತು. ಕನ್ನಡಿಗ ಒಬ್ಬನೇ ಕೂತು, ತುಟಿ ಅಲ್ಲಾಡಿಸದೆ, ಕಣ್ಣಿನಿಂದಲೇ ಓದಬಹುದಾಯಿತು. ಇದರಲ್ಲಿ ಕಳೆದುಕೊಂಡದ್ದೂ ಇದೆ. ಒಬ್ಬ ಓದಿ ಹತ್ತು ಜನ ಕೇಳುತ್ತಿದ್ದ ಜಗಲಿ ಕ್ರಮೇಣ ಖಾಲಿಯಾಯಿತು. ಪಡೆದದ್ದು ಅದಕ್ಕಿಂತ ದೊಡ್ಡದು ಎಂದೇ ನನ್ನ ನಂಬಿಕೆ. ಜಗಲಿಯ ಮೇಲೆ ಕೂರುವ ಹಕ್ಕು ಎಲ್ಲರಿಗೂ ಇರಲಿಲ್ಲ, ಪುಸ್ತಕಕ್ಕೆ ಜಾತಿ ಕೇಳುವ ಬಾಯಿಲ್ಲ.

ಮೊಳೆಯ ಹಟಕ್ಕೆ ಒಂದು ಲಿಪಿಯೇ ಬದಿಗೆ ಸರಿದದ್ದೂ ಉಂಟು. ತುಳುನಾಡಿನಲ್ಲಿ ತಿಗಳಾರಿ ಲಿಪಿ ಬಳಕೆಯಲ್ಲಿತ್ತು, ಸಂಸ್ಕೃತದ ಗ್ರಂಥಗಳನ್ನೂ ಕೆಲವು ತುಳು ಕೃತಿಗಳನ್ನೂ ಅದರಲ್ಲಿ ಬರೆಯುತ್ತಿದ್ದರು. ಮಿಶನ್ನಿನವರು 1842ರಲ್ಲಿ ಮತ್ತಾಯನ ಸುವಾರ್ತೆಯನ್ನು ತುಳುವಿನಲ್ಲಿ ತಂದಾಗ ಕನ್ನಡ ಲಿಪಿ ಬಳಸಿದರು. ಆಮೇಲೆ ಮೊಳೆಗಳೂ ಕನ್ನಡದವೇ ಬಂದವು. ಬ್ರಿಗೆಲ್‌ನ ತುಳು ವ್ಯಾಕರಣ 1872ರಲ್ಲಿ, ಮ್ಯಾನರ್‌ನ ತುಳು ನಿಘಂಟು 1886ರಲ್ಲಿ. ಎರಡರಲ್ಲೂ ತುಳು ಕನ್ನಡದ ಬಟ್ಟೆಯನ್ನೇ ತೊಟ್ಟಿತು. ತುಳುವಿನ ಮಕ್ಕಳು ಅಂದಿನಿಂದ ತಮ್ಮ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತ ಬಂದಿದ್ದಾರೆ. ತಿಗಳಾರಿಯ ಮೊಳೆ ಯಾರಾದರೂ ಎರಕ ಹೊಯ್ಸಿದ್ದರೆ ಕರಾವಳಿಯ ಅಕ್ಷರಚರಿತ್ರೆ ಬೇರೆಯಾಗುತ್ತಿತ್ತೋ ಏನೋ. ಆ ಲಿಪಿಗಾಗಿ ಇಂದು ನಡೆಯುವ ಪ್ರಯತ್ನಗಳನ್ನು ಕಂಡಾಗ ಈ ಮಾತು ಮತ್ತೆ ಮತ್ತೆ ಮನಸ್ಸಿಗೆ ಬರುತ್ತದೆ.

ಶಿಕ್ಷಣದ ಬಗ್ಗೆ 1854ರಲ್ಲಿ ಬಂದ ವುಡ್‌ನ ಆಜ್ಞಾಪತ್ರದ ನಂತರ ಸರಕಾರಗಳಲ್ಲಿ ವಿದ್ಯಾ ಇಲಾಖೆಗಳು ಹುಟ್ಟಿದವು, ಶಾಲೆಗಳ ಪಠ್ಯಪುಸ್ತಕ ಛಾಪಖಾನೆಗಳಿಗೆ ದೊಡ್ಡ ಕೆಲಸವಾಯಿತು. ಮುಂಬಯಿ ಆಡಳಿತದ ಧಾರವಾಡದ ಕಡೆ ಮರಾಠಿಯ ದಟ್ಟ ನೆರಳಿನಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಾಗಿ, ಕನ್ನಡ ಪುಸ್ತಕಕ್ಕಾಗಿ ಹೆಣಗಿದರು. ಹಳೆಯ ಊರಶಾಲೆಯಾದ ಕೂಲಿಮಠದಲ್ಲಿ ಪ್ರತಿ ಮಗುವೂ ತನ್ನ ನಡಿಗೆಯಲ್ಲಿ ತಾನು ಹೋಗುತ್ತಿತ್ತು. ಈಗ ಮೂವತ್ತು ಕೈಗಳಲ್ಲಿ ಒಂದೇ ಪುಸ್ತಕ, ಎಲ್ಲರಿಗೂ ಅದೇ ಪುಟ, ವರ್ಷದ ಕೊನೆಗೆ ಪರೀಕ್ಷೆ. ‘ತರಗತಿ’ ಎಂದು ನಾವು ಇಂದು ಸಹಜವೆಂದುಕೊಂಡಿರುವ ವ್ಯವಸ್ಥೆ ಒಂದೇ ಬಗೆಯ ಸಾವಿರಾರು ಪ್ರತಿಗಳಿಲ್ಲದೆ ನಿಲ್ಲದು. ಅದರಿಂದ ಶಿಕ್ಷಣ ಹರಡಿತು, ನಿಧಾನವಾಗಿ ಕಲಿಯುವ ಮಗು ಹಿಂದೆ ಬೀಳುವುದೂ ಶುರುವಾಯಿತು. ದೊಡ್ಡ ಹುಡುಗ ಚಿಕ್ಕವನಿಗೆ ಕಲಿಸುವ ಪದ್ಧತಿ, ಇಂಗ್ಲೆಂಡಿಗೆ ಹೋಗಿ ಹೆಸರು ಮಾಡಿದ್ದು, ತನ್ನ ಊರಿನಲ್ಲೇ ಹಿನ್ನೆಲೆಗೆ ಸರಿಯಿತು. ಅದನ್ನು ಕೈಬಿಟ್ಟದ್ದು ನಷ್ಟವೆಂದೇ ನಾನು ತಿಳಿಯುತ್ತೇನೆ.

ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ಅಚ್ಚು ತನ್ನ ದೊಡ್ಡ ಉಪಕಾರ ಮಾಡಿತು. ಬಳ್ಳಾರಿಯ ಶಾಲೆಗಳಲ್ಲಿ ಸಿಗುವುದೇ ದುರ್ಲಭವಾಗಿದ್ದ ಶಬ್ದಮಣಿದರ್ಪಣವನ್ನು ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲ್ ಹಲವು ಪ್ರತಿಗಳನ್ನು ಹೋಲಿಸಿ 1872ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ. ನಾಗವರ್ಮನ ಛಂದಸ್ಸು 1875ರಲ್ಲಿ ಬಂತು. 1894ರಲ್ಲಿ ಅವನ ನಿಘಂಟು, 1,752 ಪುಟ. ಅದರೊಳಗೆ ಹಳಗನ್ನಡದ ಕವಿಯ ಪ್ರಯೋಗವೂ ಇದೆ, ಜನರ ಬಾಯಿಂದ ಬಂದ ಗಾದೆಯೂ ಇದೆ. ಮೈಸೂರು ಕಡೆ ಬಿ. ಎಲ್. ರೈಸ್ ಹೊಸ ಗ್ರಂಥಮಾಲೆ ಶುರು ಮಾಡಿದ. 1898ರಲ್ಲಿ ಅದರಲ್ಲಿ ಕವಿರಾಜಮಾರ್ಗವೂ ಪಂಪಭಾರತವೂ ಬಂದವು. ಓಲೆಗರಿಯಲ್ಲಿ, ಬೆರಳೆಣಿಕೆಯ ಪ್ರತಿಗಳಲ್ಲಿ ಜೀವ ಹಿಡಿದುಕೊಂಡಿದ್ದ ಒಂಬತ್ತು, ಹತ್ತನೆಯ ಶತಮಾನದ ಕನ್ನಡ, ಒಮ್ಮೆಲೆ ಹೈಸ್ಕೂಲು ಮೇಷ್ಟ್ರ ಕೈಗೆಟುಕಿತು. ಎಸ್. ಜಿ. ನರಸಿಂಹಾಚಾರ್ ಮತ್ತು ಎಂ. ಎ. ರಾಮಾನುಜ ಅಯ್ಯಂಗಾರ್ ಮೈಸೂರಿನಿಂದ ‘ಕಾವ್ಯಮಂಜರಿ’, ಆಮೇಲೆ ‘ಕಾವ್ಯಕಲಾನಿಧಿ’ ಎಂಬ ಹೆಸರುಗಳಲ್ಲಿ ಹಳೆಯ ಕಾವ್ಯಗಳನ್ನು ಅಚ್ಚು ಹಾಕುತ್ತ ಹೋದರು.

ಆ ಪುಸ್ತಕಗಳನ್ನು ಓದಿದವರಲ್ಲಿ ಉಡುಪಿಯ ಒಬ್ಬ ವ್ಯಾಯಾಮ ಮೇಷ್ಟ್ರು ಇದ್ದರು. ನಂದಳಿಕೆಯ ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿದವರು, ಬಡತನದಿಂದ ಹೆಚ್ಚು ಓದಲಾಗದವರು. ಹಳಗನ್ನಡವನ್ನು ಅವರು ಬಹುಮಟ್ಟಿಗೆ ತಾವೇ ಓದಿ ಕಲಿತರು. ಅದರಲ್ಲಿ ಎಷ್ಟು ಪಳಗಿದರೆಂದರೆ, ತಮ್ಮದೇ ಕೃತಿಗಳನ್ನು ಹಿಂದಿನ ಕಾಲದ ಮುದ್ದಣನೆಂಬ ಕವಿಯ ಹಸ್ತಪ್ರತಿಗಳೆಂದು ಮೈಸೂರಿಗೆ ಕಳಿಸಿಕೊಟ್ಟರು. ಅದ್ಭುತ ರಾಮಾಯಣ ಅಚ್ಚಾಯಿತು, ರಾಮಪಟ್ಟಾಭಿಷೇಕ ಅಚ್ಚಾಯಿತು, ಕೊನೆಗೆ ರಾಮಾಶ್ವಮೇಧ. ಕನ್ನಡ ಹಳೆಯ ಕವಿಗಳಿಗೆ ಹಸಿದಿದ್ದ ಕಾಲ ಅದು. ತಾನು ಬದುಕಿರುವ ಬಡ ಮೇಷ್ಟ್ರು ಎಂದು ಹೇಳಿಕೊಂಡರೆ ತನ್ನ ಬರೆಹಕ್ಕೆ ಮಣೆ ಸಿಗದು ಎಂಬುದು ಅವರಿಗೆ ತಿಳಿದಿತ್ತೆಂದು ತೋರುತ್ತದೆ. ರಾಮಾಶ್ವಮೇಧದ ಒಳಗೆ ಇನ್ನೊಂದು ಸೊಗಸಿದೆ. ಮಳೆಗಾಲದ ಸಂಜೆ ಮುದ್ದಣ ತನ್ನ ಹೆಂಡತಿ ಮನೋರಮೆಗೆ ಕಥೆ ಹೇಳಲು ಕೂರುತ್ತಾನೆ. ಅವಳು ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ, ಸಂಸ್ಕೃತದ ಬಿಗಿ ಹೆಚ್ಚಾದರೆ ತಡೆಯುತ್ತಾಳೆ, ಅರ್ಥವಾಗದಿದ್ದರೆ ಬಿಡದೆ ಕೇಳುತ್ತಾಳೆ. ಕನ್ನಡದ ಕೇಳುಗಿಯೊಬ್ಬಳು ಕವಿಯ ಮಾತಿಗೆ ಅಡ್ಡ ಬಂದು ತನಗೆ ಬೇಕಾದ ಕನ್ನಡವನ್ನು ಹೇಳಿಸಿಕೊಂಡ ಪುಸ್ತಕ ಅದು.

ಲಕ್ಷ್ಮೀನಾರಣಪ್ಪನವರು 1901ರ ಫೆಬ್ರವರಿಯಲ್ಲಿ ಕ್ಷಯರೋಗದಿಂದ ತೀರಿಕೊಂಡರು, ವಯಸ್ಸು ಮೂವತ್ತೊಂದು. ಆ ಕಾವ್ಯಗಳು ಅವರವೇ ಎಂಬುದು ಕನ್ನಡ ನಾಡಿಗೆ ಖಚಿತವಾದದ್ದು ಆಮೇಲೆ.